ವಾಯವ್ಯ ಮೂಲೆಯ ಕಲ್ಲು

ಬೆಳಿಗ್ಗೆ ಒಂಬತ್ತು ಐವತ್ತು. ವಸಂತಪುರದ ಮುಚ್ಚಿದ ಕ್ರೋಮ್ ಕಾರ್ಖಾನೆಯ ಜಾಗದಿಂದ ತೆಗೆದ ಹನ್ನೆರಡು ಮಣ್ಣಿನ ಮಾದರಿಗಳಲ್ಲಿ ಹನ್ನೆರಡೂ ಶುದ್ಧ ಎಂದು ಪ್ರಯೋಗಾಲಯ ಹೇಳಿತ್ತು.

ಶಾಂತಲಾಳಿಗೆ ನಂಬಿಕೆ ಬರಲಿಲ್ಲ. ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಫೋನಿನಲ್ಲಿ ವರದಿಯನ್ನು ಇನ್ನೊಮ್ಮೆ ಓದಿದಳು. ಇಪ್ಪತ್ತೆರಡು ವರ್ಷ ಇಲ್ಲಿ ನಲ್ಲಿಗಳಿಗೆ, ಬೈಕಿನ ಹ್ಯಾಂಡಲ್‌ಗಳಿಗೆ ಕ್ರೋಮ್ ಹೊಳಪು ಕೊಡುತ್ತಿದ್ದರು. ಬಾಗಿಲು ಹಾಕಿ ಒಂಬತ್ತು ವರ್ಷವಾಗಿತ್ತು. ಅಂಥ ನೆಲದ ಮಣ್ಣು ತೋಟದ ಮಣ್ಣಿನಷ್ಟು ಚೊಕ್ಕ ಎಂದರೆ, ಒಂದೋ ಕಾರ್ಖಾನೆಯವರು ಸಂತರಾಗಿರಬೇಕು, ಇಲ್ಲವೇ ತಾನು ತಪ್ಪು ಜಾಗದಲ್ಲಿ ಕೊರೆಸಿರಬೇಕು. ಹದಿನಾಲ್ಕು ವರ್ಷ ಮಣ್ಣು ಪರೀಕ್ಷೆ ಮಾಡಿದ ಅವಳು ಇನ್ನೂ ಸಂತರನ್ನು ಕಂಡಿರಲಿಲ್ಲ.

ನೆಲ ಶುದ್ಧ ಎಂದು ಅವಳು ಸಹಿ ಹಾಕಿದರೆ ಜಾಗದ ಕಾಲುಭಾಗ ಅಂಗನವಾಡಿಗೆ ದಾನವಾಗುತ್ತಿತ್ತು. ಉಳಿದ ಮುಕ್ಕಾಲು ಭಾಗದಲ್ಲಿ ಮಾಲೀಕರು ಫ್ಲ್ಯಾಟು ಕಟ್ಟಲು ಅಡ್ಡಿ ಇರುತ್ತಿರಲಿಲ್ಲ. ಅಂಗನವಾಡಿಯಲ್ಲಿ ಇಪ್ಪತ್ತೆಂಟು ಮಕ್ಕಳಿದ್ದರು. ಮಣ್ಣಲ್ಲಿ ಆಡುವ ವಯಸ್ಸು, ಕೆಲವಕ್ಕೆ ಮಣ್ಣು ತಿನ್ನುವ ವಯಸ್ಸು. ಮಧ್ಯಾಹ್ನ ಮೂರರೊಳಗೆ ಸಹಿ ಬೇಕು ಎಂದು ಕಚೇರಿಯಿಂದ ಮೆಸೇಜ್ ಬಂದಿತ್ತು.

“ಏನ್ ಮೇಡಂ, ರಿಪೋರ್ಟ್ ಫುಲ್ ಕ್ಲೀನಂತೆ! ಸ್ವೀಟ್ ಎಲ್ಲಿ?” ಮಾಲೀಕರ ಮ್ಯಾನೇಜರ್ ದೇವದಾಸ್ ಗೇಟಿನ ಒಳಗಿಂದಲೇ ನಕ್ಕ.

ವರದಿ ಶಾಂತಲಾಳ ಕೈಸೇರಿದ್ದು ಬೆಳಿಗ್ಗೆ ಒಂಬತ್ತಕ್ಕೆ. “ನಿಮಗ್ಯಾರು ಹೇಳಿದ್ರು?” ಎಂದು ಕೇಳಿದಳು.

“ಹಿಂಗೇ ಗೊತ್ತಾಯ್ತು. ಎಳನೀರು ತರಿಸ್ಲಾ?”

“ಬೇಡ. ಇನ್ನೊಂದ್ ಸಲ ನೋಡ್ಬೇಕು.”

ನಗು ಉಳಿಯಿತು. ಆದರೆ ಅವನು ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆಯತೊಡಗಿದ. ಹೋದ ಸಲವೂ ಹಾಗೇ ಮಾಡಿದ್ದ.

ಬೈರಿಗೆ ಹೊತ್ತು ಬಳ್ಳಾರಿಯ ಕೊಟ್ರಪ್ಪ ಹಿಂದೆ ಬಂದ. ನೆಲ ಕೊರೆಯುವುದು ಅವನ ಕೆಲಸ. ಕಾಲಡಿಯ ಮಣ್ಣು ಕೆಂಪಗೆ, ಹದವಾಗಿ, ಎಲ್ಲ ಕಡೆ ಒಂದೇ ಬಣ್ಣದಲ್ಲಿತ್ತು, ಬೇರೆಡೆಯಿಂದ ತಂದು ಹರವಿದಂತೆ. ಒಂಬತ್ತು ವರ್ಷ ಪಾಳು ಬಿದ್ದ ಜಾಗದಲ್ಲಿ ಒಂದು ಪಾರ್ಥೇನಿಯಂ ಗಿಡವೂ ಇರಲಿಲ್ಲ.

ವಾಯವ್ಯ ಮೂಲೆಗೆ ಬಂದಾಗ ಶಾಂತಲಾ ನಿಂತಳು. ಅಲ್ಲಿ ಸೊಂಟದೆತ್ತರದ ಒಂದು ಕಲ್ಲು ನೆಟ್ಟಿತ್ತು. ಮೈತುಂಬ ಅರಿಶಿನ, ನಡುವೆ ದೊಡ್ಡ ಕುಂಕುಮ. ಮೂರು ವಾರದ ಹಿಂದೆ ಒಂಬತ್ತನೆಯ ಮಾದರಿ ತೆಗೆಯಬೇಕಾದ ಗುರುತು ಸರಿಯಾಗಿ ಈ ಕಲ್ಲಿನ ಮೇಲೇ ಬಿದ್ದಿತ್ತು. ಅವಳು ಚಪ್ಪಲಿ ಕಳಚಿ, ಕೈಮುಗಿದು, ಗುರುತನ್ನು ಹದಿನೈದು ಅಡಿ ಆಚೆ ಸರಿಸಿದ್ದಳು. ನಮೂನೆಯಲ್ಲಿ ‘ಪೂಜಾ ಸ್ಥಳ, ಬಿಡಲಾಗಿದೆ’ ಎಂದು ಬರೆದಿದ್ದಳು. ಎಲ್ಲರೂ ಮಾಡುವುದು ಅದನ್ನೇ. ಮೇಲಿನವರು ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಈಗ ಅವಳು ಕೈಮುಗಿಯಲಿಲ್ಲ. ಕುಕ್ಕರಗಾಲಲ್ಲಿ ಕೂತು ನೋಡಿದಳು. ವರ್ಷಗಟ್ಟಲೆ ದೀಪ ಕಂಡ ಕಲ್ಲು ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಬುಡದಲ್ಲಿ ಮಸಿ ಇರುತ್ತದೆ. ಇದು ಒಣಕಲು. ಕುಂಕುಮದ ಮೇಲೆ ಬೆರಳಿಟ್ಟಳು. ಬೆರಳು ಒಳಕ್ಕೆ ಹೋಯಿತು. ಅಲ್ಲೊಂದು ತೂತಿತ್ತು. ತಲೆಯೆತ್ತಿ ನೋಡಿದರೆ ಕಾಂಪೌಂಡಿನ ಉದ್ದಕ್ಕೂ ಅದೇ ಎತ್ತರದ ಬೇಲಿಕಲ್ಲುಗಳು, ಮುಳ್ಳುತಂತಿ ಪೋಣಿಸಲು ಅದೇ ಅಳತೆಯ ತೂತುಗಳು. ಸಾಲಿನಲ್ಲಿ ಒಂದು ಕಲ್ಲು ಇರಲಿಲ್ಲ.

ಆದರೆ ಕಲ್ಲಿನ ತಲೆಯ ಮೇಲೆ ಒಂದು ಮೊಳ ಕನಕಾಂಬರ ಇತ್ತು. ಬಾಡಿರಲಿಲ್ಲ. ಇವತ್ತಿನದೇ.

“ಮೇಡಂ, ಇನ್ನೂ ಎಷ್ಟ್ ಸಲ ಬರ್ತೀರಾ?”

ಗೇಟಿನಿಂದ ಕೂಗುತ್ತ ಬಂದವಳು ಅಂಗನವಾಡಿಯ ಸಹಾಯಕಿ ಮಾರಮ್ಮ. ರಸ್ತೆಯಾಚೆ ಒಂದು ಮನೆಯ ಕಾರ್ ಗ್ಯಾರೇಜಿನಲ್ಲಿ ಆರು ವರ್ಷದಿಂದ ಅಂಗನವಾಡಿ ನಡೆಯುತ್ತಿತ್ತು. “ಮಳೆ ಬಂದ್ರೆ ಮಕ್ಕಳನ್ನ ಮೇಜಿನ ಮೇಲೆ ಕೂರಿಸ್ತೀನಿ. ನೀವು ಬರೋದು, ಮಣ್ಣು ಮೂಸೋದು, ಹೋಗೋದು. ಸಹಿ ಒಂದು ಹಾಕಕ್ಕೆ ಏನ್ ರೋಗ?”

ಅವಳ ತುರುಬಿನಲ್ಲಿಯೂ ಕನಕಾಂಬರ ಇತ್ತು. ಶಾಂತಲಾ ಅದನ್ನು ನೋಡಿದಳು. ಇವಳೂ ಅವರ ಕಡೆಯವಳೇ? ಎಷ್ಟಕ್ಕೆ?

“ಹೂವು ಇಟ್ಟಿದ್ದು ನೀವಾ ಮಾರಮ್ಮ?”

“ನಾನೇ. ಏನೀಗ?”

“ಇದು ಯಾವ ದೇವರು?”

“ಮುನೇಶ್ವರ!” ದೇವದಾಸ್ ನಡುವೆ ಬಾಯಿ ಹಾಕಿದ. “ಫ್ಯಾಕ್ಟರಿ ಕಾಲದ್ದು ಮೇಡಂ. ತುಂಬಾ ಉಗ್ರ.”

“ನಿಮ್ಮನ್ನ ಕೇಳ್ಲಿಲ್ಲ ಸಾರ್. ಮಾರಮ್ಮ, ನೀವು ಈ ಊರಿನೋರು. ನಿಮ್ಮ ಮುನೇಶ್ವರ ಯಾವುದು?”

ಮಾರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಆಲದ ಮರದ ಹತ್ರ ಇರೋನು. ವರ್ಷಕ್ಕೊಂದ್ ಕೋಳಿ ಕೇಳ್ತಾನೆ. ಇವನಿಗೆ ಇಲ್ಲೀವರೆಗೂ ಯಾರೂ ಒಂದ್ ಮೊಟ್ಟೇನೂ ಕೊಟ್ಟಿಲ್ಲ.”

“ಮತ್ತೆ ಹೂವು?”

“ಈ ಮ್ಯಾನೇಜರಪ್ಪ ಹೇಳ್ದ, ದಿನಾ ಒಂದ್ ಮೊಳ ಇಡಮ್ಮ, ಕಟ್ಟಡ ಬೇಗ ಆಗುತ್ತೆ ಅಂತ. ಇಟ್ಟೆ. ಕಟ್ಟಡ ಬೇಕಿತ್ತಲ್ಲ ನಂಗೆ.”

“ಕಲ್ಲು ನೆಡೋಕೆ ಮುಂಚೆ ಇಲ್ಲೇನಿತ್ತು?”

ದೇವದಾಸ್ ಕೆಮ್ಮಿದ. ಮಾರಮ್ಮ ರಸ್ತೆಯಾಚೆಯ ಗ್ಯಾರೇಜಿನ ಕಡೆ ನೋಡಿದಳು. ಅದರ ಅರ್ಧ ಶಟರ್ ಕೆಳಗೆ ಒಂದು ಮಗುವಿನ ಕಾಲು ಕಾಣುತ್ತಿತ್ತು. ಇಂಥ ಪ್ರಶ್ನೆಯನ್ನು ಅವಳನ್ನೇ ಕೇಳಬೇಕಾಯಿತಲ್ಲ ಎಂದು ಶಾಂತಲಾಳಿಗೆ ಕಸಿವಿಸಿಯಾಯಿತು. ಉತ್ತರ ಬಂದರೆ ಕಟ್ಟಡ ಹೋಗುತ್ತದೆ.

“ಗುಂಡಿ ಇತ್ತು,” ಎಂದಳು ಮಾರಮ್ಮ. “ಹಳದಿ ನೀರಿನ ಗುಂಡಿ. ನಮ್ಮ ಯಜಮಾನ್ರು ದಾಸಪ್ಪ ಬಕೀಟಲ್ಲಿ ಹೊತ್ತು ಸುರೀತಿದ್ರು. ಅವರ ಮೂಗಿನೊಳಗೆ ಈ ಕಡೆಯಿಂದ ಆ ಕಡೆಗೆ ತೂತ್ ಬಿದ್ದಿತ್ತು ಮೇಡಂ. ಡಾಕ್ಟ್ರು ಕೇಳಿದ್ರು, ಏನಪ್ಪಾ ಮೂಗುತಿ ಹಾಕ್ಕೊಂಡಿದ್ಯಾ ಅಂತ. ನಗ್ತಿದ್ರು ಎಲ್ಲಾ.”

ಕ್ರೋಮ್ ಆಸಿಡ್ಡಿನ ಆವಿಯಲ್ಲಿ ವರ್ಷಗಟ್ಟಲೆ ದುಡಿದವರ ಮೂಗು ಹಾಗಾಗುತ್ತದೆ ಎಂದು ಶಾಂತಲಾ ಓದಿದ್ದಳು. ನೋಡಿದವರ ಬಾಯಿಂದ ಕೇಳಿದ್ದು ಇದೇ ಮೊದಲು.

“ಕೊಟ್ರಪ್ಪ, ಇಲ್ಲಿ ಇಳಿಸು.”

ಕೊಟ್ರಪ್ಪ ಬೈರಿಗೆಯನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. “ನನ್ ಕೈಲಿ ಆಗಂಗಿಲ್ರಿ ಮೇಡಂ. ಬೇಲಿಕಲ್ಲೇ ಇರಬಹುದು, ಆದ್ರ ಅರಿಶಿನ ಬಿದ್ದೈತಲ್ಲ. ಹೂವೂ ಬಿದ್ದೈತಿ.”

“ನೋಡಿ ಮತ್ತೆ!” ಎಂದ ದೇವದಾಸ್. “ದೇವರ ಜಾಗ ಅಗೆದ್ರೆ ಜನ ಸುಮ್ನಿರಲ್ಲ.”

“ಜನ ಅಂದ್ರೆ ನಾವೇ ಕಣಪ್ಪಾ,” ಎಂದಳು ಮಾರಮ್ಮ. ಮುಂದೆ ಬಂದು ಕನಕಾಂಬರವನ್ನು ಕಲ್ಲಿನ ಮೇಲಿಂದ ತೆಗೆದು ತನ್ನ ತುರುಬಿಗೇ ಸಿಕ್ಕಿಸಿಕೊಂಡಳು. ಆಮೇಲೆ ಕಲ್ಲಿಗೆ ಹೇಳಿದಳು: “ನೀನು ದೇವರೇ ಆಗಿದ್ರೆ ನನ್ನ ಮೇಲೆ ಬಾ. ಈ ಬಳ್ಳಾರಿಯೋನು ಏನೂ ಮಾಡಿಲ್ಲ.” ಎರಡೂ ಕೈಯಿಂದ ತಳ್ಳಿದಳು. ಕಲ್ಲು ಅಲ್ಲಾಡಿತು. ಶಾಂತಲಾ ಇನ್ನೊಂದು ಕಡೆಯಿಂದ ಕೈ ಹಚ್ಚಿದಳು. ಬುಡ ಒಂದು ಅಡಿಯಷ್ಟೂ ಹೂತಿರಲಿಲ್ಲ. ಕಲ್ಲು ಪಕ್ಕಕ್ಕೆ ಉರುಳಿತು.

ಕೊಟ್ರಪ್ಪ ಅಂಗೈಗೆ ಉಗುಳಿಕೊಂಡು ಬೈರಿಗೆ ಎತ್ತಿದ.

ಎರಡು ಅಡಿಯವರೆಗೆ ಕೆಂಪು ಮಣ್ಣೇ ಬಂತು. ಎರಡೂವರೆಯಲ್ಲಿ ಬೈರಿಗೆ ಸಲೀಸಾಗಿ ಇಳಿಯಿತು. ಮೇಲೆಳೆದಾಗ ಅದರ ಹಲ್ಲುಗಳಿಗೆ ಮೆತ್ತಿದ್ದ ಕೆಸರು ಹಳದಿಯಾಗಿತ್ತು, ಅಂಚಿನಲ್ಲಿ ಹಸಿರು. ದೇವದಾಸ್ ಫೋನ್ ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆದ. ಅವನ ಫೋನು ರಿಂಗಾಗಿದ್ದು ಯಾರಿಗೂ ಕೇಳಿರಲಿಲ್ಲ.

ಶಾಂತಲಾ ಗ್ಲೌಸ್ ಹಾಕಿಕೊಂಡು ಕೆಸರನ್ನು ಶೀಶೆಗೆ ತುಂಬಿ, ಹದಿಮೂರು ಎಂದು ಬರೆದಳು. ಹಳೆಯ ನಮೂನೆಯಲ್ಲಿ ‘ಪೂಜಾ ಸ್ಥಳ’ ಎಂಬುದನ್ನು ಹೊಡೆದು ಪಕ್ಕದಲ್ಲಿ ತನ್ನ ಹೆಸರು, ತಾರೀಖು ಹಾಕಿದಳು. ತಪ್ಪು ಅವಳದೇ ಆಗಿತ್ತು.

“ಕಟ್ಟಡ ಆಗಲ್ಲ ಅಲ್ವಾ?” ಎಂದು ಮಾರಮ್ಮ ಕೇಳಿದಳು.

“ಇದನ್ನ ತೆಗೆದು ಸಾಗಿಸೋವರೆಗೂ ಇಲ್ಲ.”

“ಯಾರ್ ತೆಗೀತಾರೆ?”

“ಗೊತ್ತಿಲ್ಲ,” ಎಂದಳು ಶಾಂತಲಾ. ಶೀಶೆಯ ಮುಚ್ಚಳ ಬಿಗಿ ಮಾಡಿದಳು. “ಕೈ ತೊಳ್ಕೊಳ್ಳಿ ಮಾರಮ್ಮ. ಸೋಪು ಹಾಕಿ, ಎರಡ್ ಸಲ.”

ಮೂರು ಗಂಟೆಗೆ ಅವಳು ಸಹಿ ಹಾಕಲಿಲ್ಲ. ಆರು ದಿನದ ನಂತರ ಹದಿಮೂರನೆಯ ಮಾದರಿಯ ಫಲಿತಾಂಶ ಬಂತು: ಕ್ರೋಮಿಯಂ ಮಿತಿಗಿಂತ ನಲವತ್ತೊಂದು ಪಟ್ಟು ಹೆಚ್ಚಿತ್ತು. ಅದರ ಮರುದಿನ ಮಾಲೀಕರು ದಾನಪತ್ರ ಹಿಂದಕ್ಕೆ ಪಡೆದರು. ಸೋಮವಾರ ಒಂಬತ್ತೂವರೆಗೆ ಅಂಗನವಾಡಿ ಗ್ಯಾರೇಜಿನಲ್ಲಿಯೇ ತೆರೆಯಿತು. ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ಮಕ್ಕಳು ಬಂದಿದ್ದರು.