ಹಗ್ಗದಲ್ಲಿ ದಾರಿ ಬಿಡಿಸುವ ಲಾಭೂ ಚಾಚು

ಊರಿಗೆಲ್ಲ ಚಿಕ್ಕಪ್ಪನಾದ ಲಾಭೂ ಚಾಚು ಯಾರಿಗಾದರೂ ದಾರಿ ಹೇಳಬೇಕಾದರೆ ಮೊದಲು ತನ್ನ ಸೊಂಟದ ಹಗ್ಗ ಬಿಚ್ಚಬೇಕು. ನಮ್ಮ ಗದ್ದಿ ಕುರುಬರೆಲ್ಲರ ಹಾಗೆ ಅವನೂ ಮೊಣಕಾಲು ಮುಟ್ಟುವ ಉಣ್ಣೆಯ ಚೋಲಾ ತೊಟ್ಟು, ಅದರ ಮೇಲೆ ಕಪ್ಪು ಉಣ್ಣೆಯ ಉದ್ದನೆಯ ಡೋರಾವನ್ನು ಸುತ್ತಿನ ಮೇಲೆ ಸುತ್ತು ಹಾಕಿ ಬಿಗಿಯುತ್ತಾನೆ. ಉಳಿದವರಿಗೆ ಡೋರಾ ನಡುಕಟ್ಟು, ಇವನಿಗೆ ಭೂಪಟ. "ಮೇಲಿನ ಡಲ್‌ಗೆ ಹೇಗ್ ಹೋಗೋದು ಚಾಚು?" ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಸಾಕು, ಆ ಹಗ್ಗ ಅಂಗಳದ ಚಪ್ಪಡಿಗಳ ಮೇಲೆ ಏರುಗಳಾಗಿ, ತಿರುವುಗಳಾಗಿ, ಹಿಮದ ಸೇತುವೆಯಾಗಿ, ಇರುಳು ತಂಗುವ ಗವಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಕಟ್ಟು ಕಳಚಿದ ಚೋಲಾ ಜಾರದಂತೆ ಎಡಗೈಯಲ್ಲಿ ಅವುಚಿ ಹಿಡಿದು, ಬಲಗೈಯ ಕೋಲಿನಿಂದ ಒಂದೊಂದು ತಿರುವನ್ನೂ ತಟ್ಟುತ್ತ ಅವನು ಧೌಲಾಧಾರ ಬೆಟ್ಟಸಾಲಿನ ಬೆನ್ನೇರಿ ಹೊರಡುತ್ತಿದ್ದ. ಕೇಳಿದವನು ಅಷ್ಟರಲ್ಲಿ ಎರಡು ಸಲ ಆಕಳಿಸಿರುತ್ತಿದ್ದ.

ವಿಚಿತ್ರವೆಂದರೆ ಆ ಹಗ್ಗ ಎಂದೂ ಡಲ್ ಎಂಬ ಆ ಪವಿತ್ರ ಸರೋವರವನ್ನು ಮುಟ್ಟಿದ್ದಿಲ್ಲ. ಸರೋವರಕ್ಕೆ ಇಳಿಯುವ ಜೋತ್, ಅಂದರೆ ಆ ಎತ್ತರದ ಕಣಿವೆಬಾಯಿ, ಇನ್ನೂ ಒಂದು ಮಾರು ಇದೆ ಎನ್ನುವಾಗಲೇ ಹಗ್ಗ ಮುಗಿದುಹೋಗುತ್ತಿತ್ತು. ಆಗ ಅವನು ತಲೆ ಕೆರೆದುಕೊಂಡು, "ಅದೇನೋ ಸರಿ, ಆದ್ರೆ..." ಎಂದು ರಾಗ ತೆಗೆಯುತ್ತಿದ್ದ. ಈ ಮಾತಿಲ್ಲದೆ ಅವನ ದಿನ ಕಳೆಯುತ್ತಿರಲಿಲ್ಲ. ಮೋಡ ಸರಿದಿದ್ದರೆ ಹಳ್ಳ ಸರಿಯಿಲ್ಲ. ಹಳ್ಳ ಇಳಿದಿದ್ದರೆ ಹಿಮ ಮೆತ್ತಗಾಗಿದೆ. ಎರಡೂ ಸರಿಯಿದ್ದರೆ ದಿನ ಒಳ್ಳೆಯದಲ್ಲ. ತನ್ನ ಮನೆಯಂಗಳದಲ್ಲೂ ಕೋಲಿನಿಂದ ನೆಲ ತಟ್ಟಿಯೇ ಹೆಜ್ಜೆಯಿಡುವ ಮನುಷ್ಯ ಅವನು. ಲಾಭೂ ಹಾಕಿಕೊಟ್ಟ ದಾರಿಯಲ್ಲಿ ಯಾರೂ ಜಾರಿ ಬಿದ್ದಿಲ್ಲ, ಏಕೆಂದರೆ ಯಾರೂ ಹೊರಟೇ ಇಲ್ಲ ಎಂದು ಊರು ನಗುತ್ತಿತ್ತು.

ಅವನು ಬೋಬೋ ಎಂದು ಕರೆಯುವ ಅಕ್ಕ ರೇಷ್ಮೋ ಮಾತ್ರ ನಗುತ್ತಿರಲಿಲ್ಲ. ಅವಳ ಮಗ ಜಗತೂ ಒಮ್ಮೆ ಮಂದೆಯೊಂದಿಗೆ ಹಿಮಕುಸಿತದಲ್ಲಿ ಸಿಕ್ಕಿ ಬದುಕಿ ಬಂದಿದ್ದ. ಭಾದೋಂ, ಅಂದರೆ ಭಾದ್ರಪದ ತಿಂಗಳ ಪುಣ್ಯಸ್ನಾನಕ್ಕೆ ಡಲ್‌ಗೆ ಬರುತ್ತೇನೆಂದು ಅವಳು ಅಂದೇ ಹರಕೆ ಹೊತ್ತಿದ್ದಳು. ಪ್ರತಿ ಭಾದೋಂನಲ್ಲಿ ಲಾಭೂ ಹಗ್ಗ ಬಿಚ್ಚುತ್ತಿದ್ದ, ಪ್ರತಿ ಭಾದೋಂನಲ್ಲಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ಈ ವರ್ಷ ಅವಳ ಮಂಡಿ ಊದಿಕೊಂಡಿತ್ತು.

"ನೋಡೋ ಲಾಭೂ, ಮುಂದಿನ್ ವರ್ಷ ಈ ಕಾಲು ನನ್ ಮಾತು ಕೇಳಲ್ಲ. ಹರಕೆ ತಲೆ ಮೇಲಿಟ್ಕೊಂಡು ಸಾಯ್ಲಾ?"

"ಅದೇನೋ ಸರಿ ಬೋಬೋ, ಆದ್ರೆ ಆ ಮಂಡೀಲಿ ಜೋತ್ ಹತ್ತೋದು..."

"ಮಂಡಿ ನಂದು. ನೀನ್ ದಾರಿ ಹೇಳು, ಸಾಕು."

ತಾಯಿ ಹೋದ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಕುರಿ ಮೇಯಿಸಿದವಳು ಅವಳು. ಅವಳಿಗೆ ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಹೋಗೆನ್ನಲು ಜೀವ ಒಪ್ಪಲಿಲ್ಲ. ಆ ವಾರವಿಡೀ ಅವನು ಹುರಿಹಿಟ್ಟು ಎಷ್ಟು, ಬೆಲ್ಲ ಎಷ್ಟು, ಮೊದಲ ರಾತ್ರಿ ಯಾವ ಗವಿ, ಹಿಮಸೇತುವೆ ಮುರಿದಿದ್ದರೆ ಯಾವ ಬಳಸುದಾರಿ ಎಂದು ಅನ್ನ ಸೇರದೆ ಯೋಚಿಸಿದ. ಕೊನೆಗೆ ಉಳಿದದ್ದು ದೇವರ ಅಪ್ಪಣೆಯೊಂದೇ. ಜೋತ್ ದಾಟುವ ಮುನ್ನ ದೇವರಿಗೆ ಬಿಟ್ಟ ಟಗರಿನ ಮೈಮೇಲೆ ನೀರು ಚಿಮುಕಿಸುತ್ತೇವೆ. ಅದು ಮೈ ಝಾಡಿಸಿದರೆ ದೇವರು ಒಪ್ಪಿದ. ಕದಲದಿದ್ದರೆ ಗಂಟುಮೂಟೆ ಬಿಚ್ಚಿ ಮನೆಗೆ ನಡೆಯಬೇಕು. ಟಗರನ್ನು ಆರಿಸುವ ಹೊಣೆಯನ್ನು ಚಾಚು ತಾನೇ ಕೇಳಿ ಪಡೆದ. ಅದರಲ್ಲಿ ಯಾರಿಗೂ ಏನೂ ಅನಿಸಲಿಲ್ಲ.

ಹೊರಡುವ ದಿನ ಬೆಳಿಗ್ಗೆ ದೇವದಾರುಗಳ ಕೆಳಗೆ ನಾವೆಲ್ಲ ಸೇರಿದೆವು. ಪೂಜಾರಿ ಮಂತ್ರ ಹೇಳಿ ನೀರು ಚಿಮುಕಿಸಿದ. ಟಗರು ಶಾಂತವಾಗಿ ಮೆಲುಕು ಹಾಕಿತು. ಇನ್ನೊಮ್ಮೆ ಚಿಮುಕಿಸಿದ. ಅದು ಬಾಲವನ್ನೂ ಆಡಿಸಲಿಲ್ಲ. ಜಗತೂ ತಾಯಿಯ ಮುಖ ನೋಡಲಾರದೆ ಬೇರೆ ಕಡೆ ತಿರುಗಿದ. ಚಾಚು ನೆಲ ನೋಡುತ್ತ, "ದೇವ್ರಿಗೆ ಇಷ್ಟ ಇಲ್ಲ ಅಂತ ಕಾಣ್ಸುತ್ತೆ" ಎಂದ. ಆ ದನಿಯಲ್ಲಿ ಸಮಾಧಾನವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಕಳ್ಳತನವೂ ಇತ್ತು.

ರೇಷ್ಮೋ ಕುಂಟುತ್ತ ಬಂದು ಟಗರಿನ ಬೆನ್ನೊಳಗೆ ಬೆರಳು ತೂರಿಸಿದಳು. ಬೆರಳು ಗೆಣ್ಣಿನವರೆಗೂ ಮುಳುಗಿತು. ಊರಿನ ಕುರಿಗಳೆಲ್ಲ ಉಣ್ಣೆ ಕತ್ತರಿಸಿಕೊಂಡು ಬೋಳಾಗಿದ್ದ ಕಾಲ. ಇದೊಂದು ಮಾತ್ರ ಹಿಂದಿನ ಚಳಿಗಾಲದ ಜಿಡ್ಡು ಉಣ್ಣೆಯನ್ನು ಹಾಗೆಯೇ ಹೊತ್ತುಕೊಂಡಿತ್ತು. ಕೊಡ ಸುರಿದರೂ ಒಂದು ಹನಿ ಚರ್ಮಕ್ಕೆ ಇಳಿಯುವಂತಿರಲಿಲ್ಲ.

"ಇದನ್ನ ಎಲ್ಲಿ ಬಚ್ಚಿಟ್ಟಿದ್ಯೋ, ಕಳ್ಳ ನನ್ಮಗನೆ?"

ಚಾಚುವಿನ ಕಿವಿ ಕೆಂಪಾಯಿತು.

"ಕಿವಿಗೆ ನೀರ್ ಬಿಡಮ್ಮ, ತಕ್ಷಣ ಝಾಡ್ಸುತ್ತೆ" ಎಂದು ಪೂಜಾರಿ ಮೆಲ್ಲಗೆ ಉಪಾಯ ಹೇಳಿಕೊಟ್ಟ.

"ಬೇಡ. ಅವನು ಮೋಸ ಮಾಡ್ದ ಅಂತ ನಾನೂ ಮಾಡ್ಲಾ? ಒಪ್ಪಿದ್ರೆ ಇದ್ರಲ್ಲೇ ಒಪ್ತಾನೆ. ಇಲ್ದಿದ್ರೆ ಇಲ್ಲ" ಎಂದು ಅವಳು ಊದಿದ ಕಾಲನ್ನು ನೀಡಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

ನಾವೂ ಕೂತೆವು. ಬಿಸಿಲು ದೇವದಾರುಗಳ ತುದಿಯಿಂದ ಕೆಳಗಿಳಿಯಿತು. ಚಾಚು ಮಾತ್ರ ಕೂರಲಾರದೆ, ನಿಲ್ಲಲಾರದೆ ಟಗರಿನ ಸುತ್ತ ಸುತ್ತುತ್ತಿದ್ದ. ಮೊದಲು ಅದು ಕದಲದಿರಲೆಂದು ಬೇಡಿದವನು ಈಗ ಕದಲಲೆಂದು ಬೇಡುತ್ತಿದ್ದಾನೆಂಬುದು ಅವನ ತುಟಿಗಳಿಂದಲೇ ತಿಳಿಯುತ್ತಿತ್ತು. ಅಕ್ಕನ ಹರಕೆಗೂ ದೇವರಿಗೂ ನಡುವೆ ತಾನು ಕೈಯಿಟ್ಟೆನೆಂಬ ಭಯ ಅವನನ್ನು ಹಣ್ಣು ಮಾಡಿತ್ತು. ಇದ್ದಕ್ಕಿದ್ದಂತೆ ಟಗರು ಮೆಲುಕು ನಿಲ್ಲಿಸಿತು. ತಲೆ ತಗ್ಗಿಸಿ, ಕೊಂಬಿನಿಂದ ಬಾಲದವರೆಗೆ ಎಂಥ ಝಾಡು ಝಾಡಿಸಿತೆಂದರೆ ಪೂಜಾರಿಯ ಮುಖವೆಲ್ಲ ನೀರಾಯಿತು.

ಎಲ್ಲರಿಗಿಂತ ಮೊದಲು ಅತ್ತವನು ಚಾಚು. ಅಳುತ್ತಲೇ ನಕ್ಕ, ನಗುತ್ತಲೇ ಅಕ್ಕನ ಪಕ್ಕದಲ್ಲಿ ಕುಸಿದ.

"ಸದ್ಯ ಬೋಬೋ, ಸದ್ಯ! ಇನ್ನು ಇದು ನನ್ ತಲೆ ಮೇಲಿಲ್ಲ."

"ಯಾವತ್ತಿತ್ತೋ ನಿನ್ ತಲೆ ಮೇಲೆ? ಏಳು, ಬಿಸಿಲೇರ್ತಿದೆ" ಎಂದಳು ಅವಳು, ಅವನ ಮೂಗನ್ನು ತನ್ನ ಸೆರಗಿನಿಂದ ಒರೆಸುತ್ತ.

ಚಾಚು ಕೋಲು ತಟ್ಟುತ್ತ ಮುಂದೆ, ನಾವೆಲ್ಲ ಅವನ ಹಿಂದೆ ಹೊರಟೆವು. ಹಿಮಸೇತುವೆ ನಿಜಕ್ಕೂ ಮುರಿದಿತ್ತು. ಬಳಸುದಾರಿ ಅವನು ಹೇಳಿದಲ್ಲೇ ಇತ್ತು. ಎರಡನೆಯ ಸಂಜೆ ಮೋಡ ಕವಿಯಿತು. ಅವನು ಹೇಳಿದ ಗವಿಯಲ್ಲಿ ನಾವು ಒಣಗಿದ ಸೌದೆಯನ್ನೂ ಕಂಡೆವು. ಕೊನೆಗೆ ರೇಷ್ಮೋ ಡಲ್ ಸರೋವರದ ಹಸಿರು ನೀರಿನಲ್ಲಿ ಮುಳುಗಿ ಎದ್ದು, ಹಲ್ಲು ಕಟಕಟ ಕಡಿಯುತ್ತ ನಕ್ಕಾಗ, ನಮ್ಮೆಲ್ಲರ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಲಾಭೂ ಚಾಚುವಿನಂಥವರನ್ನು ಜಗತ್ತು ಅಂಜುಬುರುಕರೆಂದು ಎಣಿಸಿ ನಗುತ್ತದೆ. ನಾನೂ ನಕ್ಕವನೇ. ಆದರೆ ಅವರು ತಮ್ಮ ಜೀವಕ್ಕೆ ಹೆದರುವವರಲ್ಲ. ಪ್ರೀತಿಸಿದವರ ಒಂದೊಂದು ಹೆಜ್ಜೆಯನ್ನೂ ಮೊದಲು ತಮ್ಮ ಮನಸ್ಸಿನಲ್ಲಿ ತಾವೇ ನಡೆದು, ತಾವೇ ಜಾರಿ, ತಾವೇ ಬಿದ್ದು, ಹೊರಡುವ ಮೊದಲೇ ದಣಿದುಹೋಗುವವರು. ಆ ಭಾರವನ್ನು ದೇವರೋ, ಟಗರೋ, ಮೊಂಡು ಅಕ್ಕನೋ ಒಮ್ಮೆ ಅವರ ತಲೆಯಿಂದ ಇಳಿಸಿಬಿಟ್ಟರೆ ಸಾಕು. ಆಮೇಲೆ ಅವರನ್ನು ಹಿಂಬಾಲಿಸುವುದೇ ನಮ್ಮಂಥವರಿಗೆ ಕಷ್ಟ.