ಒಳ್ಳೆ ಕಾಲಿನ ಕಳ್ಳಾಟ

ವಿಕಾಸನಿಗೆ ಬೇಕಾಗಿದ್ದದ್ದು ಒಂದು ಕಾಗದ. ‘ಈ ಕಲಾವಿದರು ಧೀಂಗಿಣ ಹಾಕಬಹುದು’ ಎಂದು ಫಿಸಿಯೋಥೆರಪಿಸ್ಟ್ ಬರೆದು ಸಹಿ ಮಾಡಿದ ಕಾಗದ. ಅದನ್ನು ನಾಳೆಯೊಳಗೆ ತಂದುಕೊಟ್ಟರೆ ಈ ವರ್ಷದ ತಿರುಗಾಟದಲ್ಲೂ ಯಕ್ಷಗಾನ ಮೇಳದ ಪುಂಡುವೇಷ ಅವನದೇ. ಅಭಿಮನ್ಯು, ಬಬ್ರುವಾಹನ, ಚೆಂಡೆಯ ಪೆಟ್ಟಿಗೆ ರಂಗಸ್ಥಳವಿಡೀ ಧೀಂಗಿಣ ಹಾಕುತ್ತ ಗಿರ್ರನೆ ಹಾರಿ ಸುತ್ತುವ ಎಳೆಯ ವೀರರೆಲ್ಲ ಅವನ ಪಾಲಿಗೆ. ತರದಿದ್ದರೆ ಮುನಿಗಳು, ಮಂತ್ರಿಗಳು. ಮೇಳದ ಮ್ಯಾನೇಜರ್ ದಾಮೋದರಣ್ಣ ಮೆತ್ತಗೇ ಹೇಳಿದ್ದರು: “ನಿಂತು ಅರ್ಥ ಹೇಳುವ ವೇಷಕ್ಕೂ ಜನ ಬೇಕಲ್ವಾ ವಿಕಾಸ?” ಮೂವತ್ತೊಂದಕ್ಕೇ ಬಿಳಿ ಗಡ್ಡ ಕಟ್ಟಿಕೊಂಡು ಆಶೀರ್ವಾದ ಮಾಡುತ್ತ ನಿಲ್ಲುವುದನ್ನು ವಿಕಾಸನಿಗೆ ನೆನೆಯಲೂ ಆಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಪೆರ್ಡೂರಿನ ಆಟದಲ್ಲಿ, ಹದಿನೇಳನೆಯದೋ ಹದಿನೆಂಟನೆಯದೋ ಧೀಂಗಿಣಕ್ಕೆ, ಬಲಮಂಡಿ ‘ಟಕ್’ ಎಂದಿತ್ತು. ಆಪರೇಶನ್ ಆಯಿತು. ಎಂಟು ತಿಂಗಳಿಂದ ಕಾರ್ಕಳದಲ್ಲಿ ಬಸ್ಸು ಹತ್ತಿ ಮಣಿಪಾಲಕ್ಕೆ ಬಂದು, ಫಿಸಿಯೋಥೆರಪಿಸ್ಟ್ ಲವಿಟಾ ಮೇಡಂ ಹೇಳಿದ ಕಸರತ್ತನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದ. ಕಾಲಿಗೆ ಬಲ ಬಂದಿದೆ ಎಂದು ಯಂತ್ರವೇ ಹೇಳುತ್ತಿತ್ತು. ಉಳಿದದ್ದು ಹಾರುವ ಪರೀಕ್ಷೆ. ನೆಲಕ್ಕೆ ಅಂಟಿಸಿದ ಅಳತೆಪಟ್ಟಿಯ ಪಕ್ಕ ಒಂಟಿಕಾಲಲ್ಲಿ ನಿಂತು ಮುಂದಕ್ಕೆ ಹಾರಬೇಕು, ಅದೇ ಕಾಲಲ್ಲಿ ಅಲುಗದೆ ನಿಲ್ಲಬೇಕು. ಆಪರೇಶನ್ ಆದ ಕಾಲು ಒಳ್ಳೆ ಕಾಲಿನ ನೂರಕ್ಕೆ ತೊಂಬತ್ತು ಪಾಲಾದರೂ ಹಾರಿದರೆ ಪಾಸು. ಹೋದ ತಿಂಗಳು ಎಡಗಾಲು ನೂರ ನಲವತ್ತು ಸೆಂಟಿಮೀಟರ್ ಹಾರಿತ್ತು, ಬಲಗಾಲು ನೂರ ಐದಕ್ಕೇ ಕುಸಿದಿತ್ತು. ಹಾರುವ ಮೊದಲು ಇಳಿಯುವ ಜಾಗವನ್ನು ನೋಡುತ್ತಿದ್ದ, ಅಲ್ಲಿ ಪೆರ್ಡೂರಿನ ರಂಗಸ್ಥಳ ಕಾಣುತ್ತಿತ್ತು, ಕಾಲು ಮುದುಡಿಕೊಳ್ಳುತ್ತಿತ್ತು. ಹೆದರಿಕೆಗೆ ಯಾವ ಕಸರತ್ತು ಉಂಟು?

ಇವತ್ತು ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನಲ್ಲಿ ಉದ್ಯಾವರದ ಲಾಯ್ಡ್ ಕೂತಿದ್ದ. ಫುಟ್‌ಬಾಲ್ ಆಡಿ ಪಾದ ತಿರುಚಿಕೊಂಡವನು, ಬುದ್ಧಿ ಮಾತ್ರ ಚುರುಕು.

“ಅದು ಬರೀ ಎರಡು ಕಾಲಿನ ಲೆಕ್ಕ ವಿಕಾಸಣ್ಣ,” ಎಂದ. “ಕೆಟ್ಟ ಕಾಲು ಮುಂದೆ ಹೋಗುವುದಿಲ್ವಾ? ಒಳ್ಳೆ ಕಾಲನ್ನು ಹಿಂದೆ ಇಡಿ. ಮುಗೀತು ಮಾರಾಯ್ರೆ!”

ಇಷ್ಟು ಸುಲಭದ ಉಪಾಯ ತನಗೆ ಹೊಳೆಯದೆ ಹೋಯಿತಲ್ಲ ಎಂದು ವಿಕಾಸನಿಗೆ ನಾಚಿಕೆಯೇ ಆಯಿತು. ಎಡಗಾಲು ನೂರ ಹದಿನೈದು ಹಾರಿದರೆ ಸಾಕು, ಬಲಗಾಲಿನ ನೂರ ಐದು ತಾನಾಗಿ ಪಾಸು.

ಕಡಿಮೆ ಹಾರುವುದು ಕಷ್ಟವಲ್ಲ. ಕಡಿಮೆ ಹಾರಿ, ಜೀವ ತೇದು ಹಾರಿದವನ ಹಾಗೆ ಕಾಣುವುದು ಕಷ್ಟ. ಅದಕ್ಕೆ ಕಲಾವಿದನೇ ಬೇಕು. ಒಳಗೆ ಅಳತೆಪಟ್ಟಿಯ ಪಕ್ಕ ನಿಂತು ವಿಕಾಸ ಹುಬ್ಬೇರಿಸಿ, ಎದೆ ತುಂಬ ಉಸಿರೆಳೆದು, “ಹಾ!” ಎಂದು ಚಕ್ರವ್ಯೂಹಕ್ಕೆ ನುಗ್ಗುವವನಂತೆ ಬೊಬ್ಬೆ ಹೊಡೆದು ಎಡಗಾಲಲ್ಲಿ ಹಾರಿದ. ಸರಿಯಾಗಿ ನೂರ ಹದಿನೈದು. ಇಲ್ಲದ ಬೆವರನ್ನೂ ಒರೆಸಿಕೊಂಡ.

“ಬಲಗಾಲು,” ಎಂದಳು ಲವಿಟಾ.

ಬೊಬ್ಬೆ ಜಾಸ್ತಿಯಾಯಿತೇ? ಮೇಡಂ ಮುಖ ಯಾಕೆ ಹಾಗಿದೆ? ಬೆವರು ಒರೆಸಿದ್ದು ಬೇಡವಿತ್ತೇನೋ. ಇದನ್ನೇ ಯೋಚಿಸುತ್ತ ವಿಕಾಸ, ಒಮ್ಮೆ ಮುಗಿದರೆ ಸಾಕೆಂದು, ಇಳಿಯುವ ಜಾಗವನ್ನೂ ನೋಡದೆ ಬಲಗಾಲಲ್ಲಿ ಹಾರಿ ನಿಂತ.

ಲವಿಟಾ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು.

“ನೂರ ಇಪ್ಪತ್ತೇಳು. ಆಪರೇಶನ್ ಆದ ಕಾಲು ಒಳ್ಳೆ ಕಾಲಿಗಿಂತ ಮುಂದೆ! ಇದು ಎಂತ ಕತೆ ವಿಕಾಸಣ್ಣ?” ಅವಳು ಫೈಲು ಮಗುಚಿದಳು. “ಹೋದ ತಿಂಗಳು ಎಡಗಾಲು ನೂರ ನಲವತ್ತು. ಇವತ್ತು ಇಪ್ಪತ್ತೈದು ಕಮ್ಮಿ. ಆ ಕಾಲಿಗೂ ಎಂತದೋ ಆಗಿದೆ. ಸ್ಕ್ಯಾನ್ ಆಗದೆ ನಾನು ಕಾಗದ ಕೊಡುವುದಿಲ್ಲ.”

ಬಸ್ಸಲ್ಲಿ ನಿಂತು ಬಂದು ಸುಸ್ತು ಎನ್ನಬಹುದಿತ್ತು. ಹದಿನಾಲ್ಕು ವರ್ಷ ರಂಗದ ಮೇಲೆ ಎದುರಿನವರ ಮಾತಿಗೆ ಅಲ್ಲಲ್ಲೇ ಉತ್ತರ ಕೊಟ್ಟ ಬಾಯಿ ಅದು. ಈಗ ಅದರಿಂದ ನಿಜವೇ ಹೊರಬಿತ್ತು.

“ಕಾಲಿಗೆ ಎಂತದೂ ಆಗಿಲ್ಲ ಮೇಡಂ. ನಾನು ಬೇಕಂತಲೇ ಕಮ್ಮಿ ಹಾರಿದ್ದು.”

ಗಾಜಿನ ಬಾಗಿಲಾಚೆ ಲಾಯ್ಡ್ ಮೊಬೈಲಿನಲ್ಲಿ ಮುಖ ಹುದುಗಿಸಿದ. ವಿಕಾಸ ಅವನ ಹೆಸರೆತ್ತಲಿಲ್ಲ.

ಲವಿಟಾಳ ಮುಖ ಕೆಂಪೇರಿತು. “ನಾಳೆ ನೀವು ರಂಗಸ್ಥಳದಲ್ಲಿ ಬಿದ್ದರೆ? ಮಂಡಿ ನಿಮ್ಮದು, ಸಹಿ ನನ್ನದು! ನಡೀರಿ, ಎಡಗಾಲು ಇನ್ನೊಮ್ಮೆ. ಬೊಬ್ಬೆ ಬೇಡ.”

ವಿಕಾಸ ತಲೆ ತಗ್ಗಿಸಿ ಹಾರಿದ. ನೂರ ನಲವತ್ತು. ಕಾಗದ ಕೈತಪ್ಪಿತು ಎಂದುಕೊಂಡು ಚಪ್ಪಲಿ ಹುಡುಕತೊಡಗಿದ. ಲವಿಟಾ ಮೊಬೈಲಿನಲ್ಲಿ ಲೆಕ್ಕ ಒತ್ತಿದಳು.

“ತೊಂಬತ್ತು ದಾಟಿದೆ,” ಎಂದಳು.

“ಯಾವುದು?”

“ಬಲಗಾಲು ನೂರ ಇಪ್ಪತ್ತೇಳು ಹಾರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಲುಗದೆ ನಿಂತದ್ದನ್ನೂ ನೋಡಿದ್ದೇನೆ. ಕಳ್ಳಾಟ ಆಡಿದ್ದು ನಿಮ್ಮ ಒಳ್ಳೆ ಕಾಲು. ಇದು ನ್ಯಾಯವಾಗಿಯೇ ಹಾರಿದೆ.”

ವಿಕಾಸ ತನ್ನ ಬಲಗಾಲನ್ನು ನೋಡಿದ. ಎಂಟು ತಿಂಗಳು ಇದನ್ನು ಬೈದದ್ದೆಷ್ಟು, ಅನುಮಾನಿಸಿದ್ದೆಷ್ಟು! ಕಣ್ಣು ತುಂಬಿ ಬಂತು, ಮುಚ್ಚಿಡಲೂ ಹೋಗಲಿಲ್ಲ. ಮೊದಲ ತಿಂಗಳು ಒಂದು ಆಟಕ್ಕೆ ಹತ್ತೇ ಧೀಂಗಿಣ, ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು ಎಂದು ಕಟ್ಟುನಿಟ್ಟಾಗಿ ಬರೆದು ಲವಿಟಾ ಸಹಿ ಹಾಕಿದಳು.

ಕಾಗದವನ್ನು ಕಿಸೆಗೆ ಹಾಕಿಕೊಂಡರೂ ಅವನು ಹೊರಡಲಿಲ್ಲ.

“ಬಲಗಾಲಲ್ಲಿ ಇನ್ನೊಮ್ಮೆ ಹಾರಲಾ ಮೇಡಂ?”

“ಕಾಗದ ಸಿಕ್ಕಿತಲ್ಲ?”

“ಆಗ ಹಾರಿದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಿದ್ದು ಒಮ್ಮೆ ಹಾರಬೇಕು.”

ಗೆರೆಯ ಮೇಲೆ ಬಲಗಾಲೂರಿ ನಿಂತ. ಇಳಿಯುವ ಜಾಗವನ್ನು ನೋಡಿದ. ಪೆರ್ಡೂರಿನ ರಂಗಸ್ಥಳ ಬಂತು, ‘ಟಕ್’ ಎಂಬ ಸದ್ದೂ ಬಂತು. ಅದು ಹೋಗಲಿ ಎಂದು ಅವನು ಕಾಯಲಿಲ್ಲ, ಹಾರಿದ.

ಲವಿಟಾ ಅಳೆಯಲು ಬಗ್ಗಿದಳು.

“ಬೇಡ ಮೇಡಂ,” ಎಂದ ವಿಕಾಸ, ಇನ್ನೂ ಒಂಟಿಕಾಲಲ್ಲೇ ನಿಂತು.