ಮೀಟರಿಗೆ ಒಂದೇ ತೂತು

ಹಲ್ಲಿನ ಡಾಕ್ಟರನ ಕಾರಿಗೆ ಆಯಿಲ್ ಕೂಲರ್ ಇರಲಿಲ್ಲ. ರೇಸ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಎಂಜಿನ್ ಆಯಿಲ್ ಕಾದು ನೀರಿನಷ್ಟು ತೆಳುವಾಗಿ ಕೆಂಪು ದೀಪ ಮಿಣುಕುತ್ತಿತ್ತು. ಉಳಿದವರು ಜುಂಯ್ ಎಂದು ಸಾಗುವಾಗ ಇವನು ಬಾಲ ಮುದುರಿಕೊಂಡು ಶೆಡ್ಡಿಗೆ ವಾಪಸು. ಗ್ಯಾಲರಿಯಲ್ಲಿ ಕೂತು ಕೂತು ಹೆಂಡತಿಗೆ ಸಾಕಾಗಿತ್ತು.

"ಮುಂದಿನ ಸಲ ಇಪ್ಪತ್ತು ನಿಮಿಷ ಪೂರ್ತಿ ಓಡಿಸಿ ತೋರಿಸಿ. ಇಲ್ಲಾಂದ್ರೆ ಕಾರು ಮಾರಿಬಿಡ್ತೀನಿ."

ಗ್ಯಾರೇಜಿನ ಮೇಸ್ತ್ರಿ ಎರಡು ಕೂಲರ್ ತಂದು ಬೆಂಚಿನ ಮೇಲಿಟ್ಟ. ಒಂದು ಪುಸ್ತಕದಷ್ಟು, ಇನ್ನೊಂದು ಸೂಟ್‌ಕೇಸಿನಷ್ಟು.

"ಚಿಕ್ಕದು ಸಾಕು ಸಾರ್. ಬಂಪರಿನ ಮೂಲೆ ಕೊಯ್ದು ಕೂರಿಸೋಣ. ಅದಕ್ಕೇ ಅಂತ ಬೇರೆ ಗಾಳಿ ಸಿಗುತ್ತೆ."

"ಬಂಪರ್ ಕೊಯ್ಯೋದಾ?" ದಿನವೂ ಊರವರ ಹಲ್ಲು ಕೀಳುವವನ ಮುಖ ಬಿಳಿಚಿಕೊಂಡಿತು. "ದೊಡ್ಡದನ್ನೇ ಹಾಕಯ್ಯ, ರೇಡಿಯೇಟರಿನ ಮುಂದೆ. ಅಲ್ಲಿ ಗಾಳಿಗೇನು ಬರವಾ?"

"ಆ ಗಾಳಿ ಎಂಜಿನ್ನಿನ ನೀರು ತಣಿಸೋ ರೇಡಿಯೇಟರಿಗೆ ಸಾರ್. ಆಯಿಲಿನ ಬಿಸಿಯೆಲ್ಲ ನೀರಿನ ಮೂತಿಗೇ ಹೊಡೆಯುತ್ತೆ."

"ನೀರು ಯಾವತ್ತಾದ್ರೂ ನಂಗೆ ಕೈ ಕೊಟ್ಟಿದೆಯಾ?"

ಮೇಸ್ತ್ರಿ ತಲೆ ಕೆರೆದುಕೊಂಡ. ದೊಡ್ಡದರ ಹೊಳಪು ಅವನ ಕಣ್ಣನ್ನೂ ಕುಕ್ಕಿತ್ತು. "ಆಗ್ಲಿ ಬಿಡಿ" ಎಂದ.

ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮೀಟರಿಗೆ ಇದ್ದದ್ದು ಒಂದೇ ತೂತು. ಇನ್ನೊಂದು ಕೊರೆಯಲು ಡಾಕ್ಟರ ಸುತರಾಂ ಒಪ್ಪಲಿಲ್ಲ, ಅಂದ ಕೆಡುತ್ತದಂತೆ. ನೀರಿನ ಮೀಟರ್ ಕಿತ್ತು ಆಯಿಲಿನದನ್ನು ಕೂರಿಸಿದರು.

ಆ ಭಾನುವಾರ ಡಾಕ್ಟರ ಮೈಯೆಲ್ಲ ಕಣ್ಣಾಗಿ ಓಡಿಸಿದ. ನಾಲ್ಕನೇ ಸುತ್ತು ಮುಗಿಯಿತು, ಆಯಿಲ್ ಮುಳ್ಳು ಹದವಾದ ನೂರು ಡಿಗ್ರಿಯಲ್ಲಿ ಅಲ್ಲಾಡದೆ ನಿಂತಿತ್ತು. ಎಂಟನೆಯದೂ ಮುಗಿಯಿತು, ಮುಳ್ಳು ಅಲ್ಲೇ. ಕೊನೆಯ ಸುತ್ತಿನಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದು ಗಾಜಿಗೆ ಬಡಿಯಿತು. ತಿರುವಿನಲ್ಲಿ ನಿಂತವನು ಕಾರು ನಿಲ್ಲಿಸು ಎಂದು ಬಾವುಟ ಬೀಸಿ ಬೀಸಿ ಸುಸ್ತಾದ. ಡಾಕ್ಟರ ಮುಳ್ಳು ನೋಡಿದ. ನೂರು. ಹೊಟ್ಟೆಕಿಚ್ಚಿನವರು ಎಂದುಕೊಂಡು ವೈಪರ್ ಹಾಕಿ ಆಕ್ಸಿಲರೇಟರ್ ಒತ್ತಿದ.

ಮುಕ್ತಾಯದ ಗೆರೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಎಂಜಿನ್ ಕಟಕಟ ಎಂದು ತಾನಾಗಿಯೇ ನಿಂತಿತು. ಹೆಂಡತಿ ಗ್ಯಾಲರಿಯಿಂದ ಇಳಿದು ಬಂದಳು.

"ಇಪ್ಪತ್ತು ನಿಮಿಷ ಆಯ್ತಲ್ಲ!" ಡಾಕ್ಟರ ಹಲ್ಲು ಕಿರಿದ. "ಇನ್ನು ಮಾರೋ ಹಾಗಿಲ್ಲ."

"ಮಾರಲ್ಲ ಮಾರಾಯ್ರೆ," ಎಂದಳು ಅವಳು, ಹಬೆಯಿಂದ ಒಂದು ಹೆಜ್ಜೆ ಹಿಂದೆ ಸರಿದು. "ಇನ್ನು ಯಾರು ತಗೋತಾರೆ?"

ಮೇಸ್ತ್ರಿ ಎಂಜಿನ್ ಬಿಚ್ಚಿದ. ಆಯಿಲ್ ಕೂಲರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹೋದದ್ದು ಒಂದು ಗ್ಯಾಸ್ಕೆಟ್, ಒಂದು ಸಿಲಿಂಡರ್ ಹೆಡ್, ನಾಲ್ಕು ಪಿಸ್ಟನ್, ಆರು ಲೀಟರ್ ನೀರು.